ಸಮಾಂತರ ಶ್ರೇಢಿಯ ಮೊತ್ತ: ಎರಡು ಉತ್ತರ ಬಂದರೆ ಯಾವುದನ್ನು ಬರೆಯಬೇಕು?

ಪ್ರಶ್ನೆ (ಪೋಷಕಿ, ಜಯನಗರ, ಬೆಂಗಳೂರು): ನಮಸ್ಕಾರ ಸರ್. ನನ್ನ ಮಗಳು ಎಸ್‌ಎಸ್‌ಎಲ್‌ಸಿ ಓದುತ್ತಿದ್ದಾಳೆ. 18, 15, 12 ಎಂದು ಒಂದೇ ವ್ಯತ್ಯಾಸದಲ್ಲಿ ಸಾಗುವ ಸಮಾಂತರ ಶ್ರೇಢಿಯಲ್ಲಿ ಎಷ್ಟು ಪದಗಳನ್ನು ಕೂಡಿಸಿದರೆ 45 ಬರುತ್ತದೆ ಎಂಬ ಲೆಕ್ಕಕ್ಕೆ ಅವಳಿಗೆ 3 ಮತ್ತು 10 ಎಂಬ ಎರಡು ಉತ್ತರಗಳು ದೊರೆತವು. ಒಂದೇ ಉತ್ತರವಿರಬೇಕೆಂದು 10ನ್ನು ಹೊಡೆದುಹಾಕಿದ್ದಾಳೆ. ಇದು ಸರಿಯೇ? ಮೊತ್ತಕ್ಕೆ ಇರುವ ಎರಡು ಸೂತ್ರಗಳಲ್ಲಿ ಯಾವುದನ್ನು ಯಾವಾಗ ಬಳಸಬೇಕು?

ಉತ್ತರ (ಗಣಿತ ಶಿಕ್ಷಕ): ನಮಸ್ಕಾರ ಮೇಡಂ. 10ನ್ನು ಹೊಡೆದುಹಾಕಬಾರದಿತ್ತು; ಎರಡೂ ಸರಿಯಾದ ಉತ್ತರಗಳೇ. ಮಗಳಿಗೆ ಹತ್ತೂ ಪದಗಳನ್ನು ಬರೆಯಲು ಹೇಳಿ: 18, 15, 12, 9, 6, 3, 0, –3, –6, –9. ಮೊದಲ ಮೂರು ಪದಗಳಿಗೇ 45 ಆಗುತ್ತದೆ. ನಂತರದ ಏಳು ಪದಗಳಲ್ಲಿ 9ನ್ನು –9, 6ನ್ನು –6, 3ನ್ನು –3 ಅಳಿಸಿಹಾಕುವುದರಿಂದ ಅವುಗಳ ಮೊತ್ತ ಸೊನ್ನೆಯಾಗಿ, 45 ಹಾಗೆಯೇ ಉಳಿಯುತ್ತದೆ. ಪದಗಳ ಸಂಖ್ಯೆ ಕಂಡುಹಿಡಿಯಲು ಬರೆದ ವರ್ಗ ಸಮೀಕರಣವು ಎರಡು ಮೂಲಗಳನ್ನು (ಉತ್ತರಗಳನ್ನು) ಕೊಟ್ಟದ್ದು ಇದೇ ಕಾರಣಕ್ಕೆ. ಉತ್ತರದ ಜೊತೆಗೆ ಈ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯುವುದು ಒಳ್ಳೆಯದು.

ಸೂತ್ರಗಳು ನೋಡಲು ಎರಡಾದರೂ ವಿಚಾರ ಒಂದೇ. ಮೊದಲ ಮತ್ತು ಕೊನೆಯ ಪದಗಳನ್ನು ಕೂಡಿಸಿ, ಪದಗಳ ಸಂಖ್ಯೆಯ ಅರ್ಧದಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. ಇಲ್ಲಿ 18ಕ್ಕೆ –9 ಕೂಡಿಸಿದರೆ 9. ಅದರ 5 ಪಟ್ಟು 45. ಕೊನೆಯ ಪದ ತಿಳಿಯದಿದ್ದಾಗ, ಅದರ ಬದಲು ಮೊದಲ ಪದಕ್ಕೆ ಸಾಮಾನ್ಯ ವ್ಯತ್ಯಾಸವನ್ನು (ಇಲ್ಲಿ –3) ಪದಗಳ ಸಂಖ್ಯೆಗಿಂತ ಒಂದು ಕಡಿಮೆ ಸಲ ಸೇರಿಸಿ ಬರೆದರೆ ಅದೇ ಇನ್ನೊಂದು ಸೂತ್ರವಾಗುತ್ತದೆ. ಕ್ರಿ.ಶ. 499ರ ಆರ್ಯಭಟೀಯ ಗ್ರಂಥದ ಗಣಿತಪಾದವೆಂಬ ಅಧ್ಯಾಯದಲ್ಲಿಯೂ ಮೊದಲ ಮತ್ತು ಕೊನೆಯ ಪದಗಳಿಂದ ಮೊತ್ತ ಪಡೆಯುವ ಕ್ರಮವಿದೆ. ಅದರ ಮುಂದಿನ ಶ್ಲೋಕದಲ್ಲೇ, ನಿಮ್ಮ ಮಗಳ ಲೆಕ್ಕದಂತೆ, ಮೊತ್ತದಿಂದ ಪದಗಳ ಸಂಖ್ಯೆಯನ್ನು ಕಂಡುಹಿಡಿಯುವ ವಿಧಾನವೂ ಇದೆ. ಆದ್ದರಿಂದ ಎರಡು ಸೂತ್ರಗಳನ್ನು ಬೇರೆ ಬೇರೆಯಾಗಿ ಕಂಠಪಾಠ ಮಾಡಿಸುವುದು ನನಗೆ ಸರಿಯೆನಿಸುವುದಿಲ್ಲ.

ಮರುಪ್ರಶ್ನೆ (ಮತ್ತೊಬ್ಬ ಪೋಷಕರು, ಮಲ್ಲೇಶ್ವರಂ): ಹಾಗಾದರೆ ಬಂದ ಎರಡೂ ಉತ್ತರಗಳನ್ನು ಯಾವಾಗಲೂ ಇಟ್ಟುಕೊಳ್ಳಬಹುದೇ?

ಉತ್ತರ: ಇಲ್ಲ. ಪದಗಳ ಸಂಖ್ಯೆ ಧನ ಪೂರ್ಣಾಂಕವೇ ಆಗಿರಬೇಕು. ಋಣ ಸಂಖ್ಯೆಯನ್ನಾಗಲಿ ಭಿನ್ನರಾಶಿಯನ್ನಾಗಲಿ ಕಾರಣ ಬರೆದು ಕೈಬಿಡಬೇಕು. ಮಕ್ಕಳು ಇದಕ್ಕಿಂತಲೂ ಹೆಚ್ಚಾಗಿ ಎಡವುವುದು ಪದಗಳನ್ನು ಎಣಿಸುವಾಗ. 100 ಮತ್ತು 300ರ ನಡುವಿನ 7ರ ಗುಣಕಗಳು 105ರಿಂದ 294ರವರೆಗೆ ಇವೆ. ಇವೆರಡರ ವ್ಯತ್ಯಾಸ 189ನ್ನು 7ರಿಂದ ಭಾಗಿಸಿ, 27 ಎಂದು ನಿಲ್ಲಿಸಿಬಿಡುತ್ತಾರೆ. ಆ 27 ಎಂಬುದು ಪದಗಳ ನಡುವಿನ ಅಂತರಗಳ ಸಂಖ್ಯೆ; ಪದಗಳು 28. ಮೊತ್ತವು 105 ಮತ್ತು 294 ಕೂಡಿಸಿ ಬಂದ 399ರ 14 ಪಟ್ಟು, ಅಂದರೆ 5586.