ಕೊಲಂಬೊದ ಒಂದು ದಿನ, ವಿಜಯಪುರದ ಬೆಳಗು: ಅನುಭವ ಇದ್ದವರು ತಿಳಿಸಿರಿ

ನಾನು ವಿಜಯಪುರದವಳು, ಮಸ್ಕತ್‌ನಲ್ಲಿ 6 ವರ್ಷ ನರ್ಸ್ ಆಗಿದ್ದೆ. ಕಳೆದ ಮೇ ತಿಂಗಳಲ್ಲಿ ಊರಿಗೆ ಮರಳುವಾಗ ಕೊಲಂಬೊದಲ್ಲಿ ವಿಮಾನ ತಪ್ಪಿ ಒಂದು ದಿನ ಉಳಿಯಬೇಕಾಯಿತು. ಅಂದು ವೆಸಾಕ್, ಅಂದರೆ ನಮ್ಮ ಬುದ್ಧ ಪೂರ್ಣಿಮೆ. ಬೀದಿಬದಿಯ ಚಪ್ಪರವೊಂದರಲ್ಲಿ ಉಂಡು ಹಣ ಕೊಡಲು ಹೋದರೆ ಬಡಿಸುತ್ತಿದ್ದ ಅಜ್ಜಿ ನಗುತ್ತಾ ನನ್ನ ಕೈಯನ್ನು ಹಿಂದಕ್ಕೆ ಸರಿಸಿದರು. ಅದು ಹೋಟೆಲಲ್ಲ, ‘ದಾನ್ಸಲ’, ಹಬ್ಬದ ದಾಸೋಹ. ಆಮೇಲೆ ಅವರೇ ಬೌದ್ಧ ವಿಹಾರಕ್ಕೆ ಕರೆದೊಯ್ದು ಬೋಧಿವೃಕ್ಷದ ಕೆಳಗೆ ಪಕ್ಕದಲ್ಲಿ ಕೂರಿಸಿಕೊಂಡರು. ಅಂದಿನಿಂದ ಬೆಳಗ್ಗೆ 20 ನಿಮಿಷ ಕಣ್ಣುಮುಚ್ಚಿ ಕೂರುತ್ತಿದ್ದೇನೆ. ಅವ್ವ ‘ಲಿಂಗ ಬಿಟ್ಟೆಯೇನು’ ಎನ್ನುತ್ತಾಳೆ. ಮುಂದೇನು ಮಾಡಬೇಕು, 10 ದಿನದ ಧ್ಯಾನ ಶಿಬಿರಕ್ಕೆ ಹೋಗಬೇಕೇ, ಮನೆಯಲ್ಲಿ ಹೇಗೆ ಹೇಳಬೇಕು?

ಮುಧೋಳದಿಂದ, ಸಕ್ಕರೆ ಕಾರ್ಖಾನೆಯ ನಿವೃತ್ತ ಫಿಟರ್:

ತಂಗಿ, ನಿಮಗೆ ವಿಮಾನ ತಪ್ಪಿತು, ನನಗೆ ಮಳೆ ಬಂತು, ಅಷ್ಟೇ ವ್ಯತ್ಯಾಸ. 2011ರಲ್ಲಿ ಥಾಯ್ಲೆಂಡಿನ ಉಡಾನ್ ಥಾನಿ ಪ್ರಾಂತದ ಸಕ್ಕರೆ ಕಾರ್ಖಾನೆಯೊಂದಕ್ಕೆ, ಕಬ್ಬಿನ ಹಂಗಾಮು ಮುಗಿದ ಮೇಲೆ ಮಿಲ್ಲಿನ ರೋಲರ್ ಬಿಚ್ಚಿ ಜೋಡಿಸುವ ಕೆಲಸಕ್ಕೆಂದು ನಮ್ಮ ಕಡೆಯ ನಾಲ್ವರು ಹೋಗಿದ್ದೆವು. ಒಂದು ಸಂಜೆ ಸೈಕಲ್ ಮೇಲೆ ಬರುವಾಗ ಮಳೆ ಹೊಡೆದು ಹಾದಿಬದಿಯ ವಿಹಾರದ ಪಡಸಾಲೆ ಸೇರಿದೆ. ಅಲ್ಲಿದ್ದ ಭಿಕ್ಷುಗಳು ವಾರಾಣಸಿಯಲ್ಲಿ ಓದಿದವರಂತೆ. ನನಗಿಂತ ಶುದ್ಧ ಹಿಂದಿಯಲ್ಲಿ ಊರು ಯಾವುದೆಂದು ಕೇಳಿದರು. ಮಳೆ ನಿಲ್ಲುವ ತನಕ ಉಸಿರು ಒಳಗೆ ಬರುವಾಗ ‘ಬುದ್’, ಹೊರಗೆ ಹೋಗುವಾಗ ‘ಧೋ’ ಎಂದುಕೊಳ್ಳಿ, ಹತ್ತು ಉಸಿರು ತಪ್ಪದೆ ಎಣಿಸಿದರೆ ಸಾಕು ಎಂದರು. ನಾಲ್ಕಕ್ಕೆ ಬರುವಷ್ಟರಲ್ಲಿ ಮನಸ್ಸು ಮುಧೋಳಕ್ಕೆ ಬಂದು ಸೊಸೈಟಿ ಸಾಲದ ಲೆಕ್ಕ ಹಾಕುತ್ತಿತ್ತು. ಬೇರಿಂಗಿನ ಸದ್ದು ಕೇಳಿಯೇ ಎಲ್ಲಿ ಸವೆದಿದೆ ಎಂದು ಹೇಳಬಲ್ಲವನಿಗೆ ತನ್ನ ಉಸಿರು ನಾಲ್ಕರಾಚೆ ಕೇಳಿಸಲಿಲ್ಲ. ಈಶಾನ್ಯ ಥಾಯ್ಲೆಂಡಿನ ಆ ಭಾಗ ಅರಣ್ಯವಾಸಿ ಭಿಕ್ಷುಗಳ ಪರಂಪರೆಗೆ ಹೆಸರಾದದ್ದು, ಅಜಾನ್ ಮುನ್, ಅಜಾನ್ ಚಾ ಅವರಂಥವರು ಆ ಕಡೆಯವರೇ ಎಂಬುದು ನನಗೆ ಊರಿಗೆ ಬಂದು ಎಷ್ಟೋ ದಿನದ ಮೇಲೆ ತಿಳಿಯಿತು.

ಶಿಬಿರದ ಮಾತು. ನಾನು ಹೋದದ್ದು ನಾಸಿಕ ಜಿಲ್ಲೆಯ ಇಗತಪುರಿಗೆ. ಬರ್ಮಾದಲ್ಲಿ ಹುಟ್ಟಿ, ರಂಗೂನಿನ ಊ ಬಾ ಖಿನ್ ಅವರಲ್ಲಿ ಕಲಿತು, 1969ರಲ್ಲಿ ಭಾರತಕ್ಕೆ ಬಂದ ಗೋಯೆಂಕಾ ಅವರ ಪದ್ಧತಿ ಅಲ್ಲಿಯದು. ನಮ್ಮ ರಾಜ್ಯದಲ್ಲೂ ಕೇಂದ್ರಗಳಿವೆ. ಬೆಳಗ್ಗೆ 4 ಗಂಟೆಗೆ ಗಂಟೆ ಬಾರಿಸುತ್ತಾರೆ. ಮೊದಲ 3 ದಿನ ಬರೀ ಉಸಿರು, 4ನೆಯ ದಿನದಿಂದ ವಿಪಶ್ಯನ, ಅಂದರೆ ಮೈಯಲ್ಲಿ ಏಳುವ ಸಂವೇದನೆಗಳನ್ನು ಸುಮ್ಮನೆ ಗಮನಿಸುವುದು. ಮೌನ, ಫೋನಿಲ್ಲ, ಶುಲ್ಕವಿಲ್ಲ. ಶಿಬಿರ ಪೂರೈಸಿದವರು ಮನಸ್ಸಿದ್ದರೆ ದಾನ ಕೊಡುತ್ತಾರೆ. ಸಂಜೆ ಊಟವಿಲ್ಲ, ಹೊಸಬರಿಗೆ ಚಹಾ ಮತ್ತು ಹಣ್ಣು ಸಿಗುತ್ತವೆ. ರೊಟ್ಟಿ ಉಂಡು ಮಲಗುವ ನಮ್ಮ ಕಡೆಯವರಿಗೆ ಕಾಲುನೋವಿಗಿಂತ ಇದೇ ದೊಡ್ಡ ಕಷ್ಟವೆಂದು ನನ್ನ ಅಭಿಪ್ರಾಯ.

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ. ಆಗ ನಾನು ನಿದ್ರೆಯ ಗುಳಿಗೆ ತೆಗೆದುಕೊಳ್ಳುತ್ತಿದ್ದೆ. ಅರ್ಜಿಯಲ್ಲಿ ಕೇಳಿದ್ದರೂ, ಬರೆದರೆ ಬೇಡವೆಂದಾರು ಎಂದು ಮುಚ್ಚಿಟ್ಟೆ. ಗುಳಿಗೆಯನ್ನು ಒಮ್ಮೆಲೇ ಬಿಟ್ಟು ಕುಳಿತವನಿಗೆ 3ನೆಯ ರಾತ್ರಿ ಎದೆ ಹೊಡೆದುಕೊಳ್ಳತೊಡಗಿ, ಬೆಳಗಾಗುವ ತನಕ ವರಾಂಡದ ಕಂಬ ಹಿಡಿದು ನಿಂತೆ. ಆಚಾರ್ಯರಿಗೆ ನಿಜ ಹೇಳಿದೆ, ಅವರು ಬೈಯದೆ ಮನೆಗೆ ಕಳಿಸಿದರು. ಎರಡು ವರ್ಷ ಬಿಟ್ಟು, ವೈದ್ಯರನ್ನು ಕೇಳಿ ಮತ್ತೆ ಹೋಗಿ ಪೂರೈಸಿದೆ. ನೀವು ನರ್ಸ್, ನನಗಿಂತ ಚೆನ್ನಾಗಿ ಬಲ್ಲಿರಿ. ಆದರೂ ಈಗಲೇ ಅವಸರ ಬೇಡ, ಆ 20 ನಿಮಿಷವನ್ನು ಆರು ತಿಂಗಳು ತಪ್ಪದೆ ನಡೆಸಿರಿ.

ಅವ್ವನ ಪ್ರಶ್ನೆ ಸಣ್ಣದಲ್ಲ. ನಾನು ಇಂದಿಗೂ ಲಿಂಗ ಧರಿಸಿದವನೇ, ಆ ಭಿಕ್ಷುಗಳು ಬಿಡು ಎನ್ನಲಿಲ್ಲ. ಶಿಬಿರದ ದಿನಗಳಲ್ಲಿ ಮಾತ್ರ ಬೇರೆ ಪೂಜೆ, ಜಪಗಳನ್ನು ನಿಲ್ಲಿಸಬೇಕೆಂಬ ನಿಯಮವಿದೆ. ಲಿಂಗದ ಬಗ್ಗೆ ಕೇಂದ್ರದವರನ್ನು ಮೊದಲೇ ಕೇಳಿ, ಉತ್ತರವನ್ನು ಅವ್ವನಿಗೆ ಹೇಳಿಯೇ ಹೊರಡಿರಿ. ನಾನು ಹೇಳದೆ ಹೋಗಿದ್ದೆ; ಮನೆಯವಳು ಒಂದು ತಿಂಗಳು ನೆಟ್ಟಗೆ ಮಾತಾಡಲಿಲ್ಲ.

ವಿಜಯಪುರದಿಂದ, ಶಾಲಾ ಶಿಕ್ಷಕಿ:

ತಂಗಿ, ಅಣ್ಣನವರ ಮಾತು ಒಪ್ಪಿದೆ, ಆದರೆ ಓದುತ್ತಾ ಒಂದು ಕಡೆ ನಗುವೂ ಬಂತು. ನೀವಿಬ್ಬರೂ ಸಮುದ್ರ ದಾಟಿ ಕೇಳಿಬಂದ ‘ಬುದ್ಧಂ ಸರಣಂ ಗಚ್ಛಾಮಿ’ ನಮ್ಮ ಓಣಿಯಲ್ಲಿ ನಾನು ಹುಟ್ಟುವ ಮೊದಲಿನಿಂದ ಕೇಳಿಸುತ್ತಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ಪಡೆದು, ಸೇರಿದ್ದ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದಾಗ ನಮ್ಮಜ್ಜ ಅಲ್ಲಿದ್ದರು. ತಿರುಗಿ ಬಂದ ದಿನವೇ ಊರಿನ ಸತ್ತ ದನ ಹೊರುವ ಕೆಲಸ ಬಿಟ್ಟರು, ಅದಕ್ಕಾಗಿ ಒಂದು ವರ್ಷ ಕೂಲಿಯಿಲ್ಲದೆ ಕಳೆದರು. ನಮಗೆ ಧಮ್ಮ ಬಂದದ್ದು ಹೀಗೆ. ಕಣ್ಣುಮುಚ್ಚಿ ಕೂರುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಾನೂ ಕೂರುತ್ತೇನೆ. ಆದರೆ ಶಿಬಿರ ಮುಗಿಸಿ ಬಂದ ಎಷ್ಟೋ ಜನ ನಮ್ಮ ಓಣಿಯ ವಿಹಾರದ ಬಾಗಿಲಿಗೆ ಒಮ್ಮೆಯೂ ಬಂದಿಲ್ಲ, ಇದನ್ನು ಹೇಳದಿದ್ದರೆ ನನಗೆ ಸಮಾಧಾನವಾಗದು. ಹುಣ್ಣಿಮೆಯ ಬೆಳಗ್ಗೆ ಬನ್ನಿರಿ. ಬಿಳಿ ಬಟ್ಟೆ ಉಟ್ಟು ತ್ರಿಸರಣ, ಪಂಚಶೀಲ ಹೇಳುತ್ತೇವೆ, ಆಮೇಲೆ ಖೀರು ಇರುತ್ತದೆ. ಇಲ್ಲಿಯೂ ಯಾರೂ ಹಣ ಕೇಳುವುದಿಲ್ಲ.

ಬೆಳಗಾವಿಯಿಂದ, ಕಾಲೇಜು ಗ್ರಂಥಪಾಲಕ:

ಓದುವುದಕ್ಕೆ ಧಮ್ಮಪದದಿಂದ ಆರಂಭಿಸಿರಿ. 423 ಗಾಥೆಗಳು, ದಿನಕ್ಕೆ ಒಂದೇ ಸಾಕು, ಕನ್ನಡ ಅನುವಾದಗಳು ದೊರೆಯುತ್ತವೆ. ಮುಂಡಗೋಡಿನ ಟಿಬೆಟನ್ನರ ವಸಾಹತಿಗೂ ಹೋಗಿಬನ್ನಿರಿ. ಅಲ್ಲಿಯ ಡ್ರೆಪುಂಗ್, ಗಾಂಡೆನ್ ಮಠಗಳ ಅಂಗಳದಲ್ಲಿ ಭಿಕ್ಷುಗಳು ತರ್ಕ ಮಾಡುವುದನ್ನು ನೋಡಬೇಕು: ಕೇಳುವವನು ನಿಂತು, ಪ್ರತಿ ಪ್ರಶ್ನೆಗೂ ಚಪ್ಪಾಳೆ ಹೊಡೆಯುತ್ತಾನೆ, ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ. ಬೌದ್ಧರೆಂದರೆ ಮೌನಿಗಳು ಎಂಬ ನನ್ನ ಕಲ್ಪನೆ ಅಲ್ಲಿಗೇ ಹೋಯಿತು. ಐಹೊಳೆಯಂತೂ ನಿಮಗೆ ಹತ್ತಿರ. ಮೇಗುತಿಯ ಜಿನಾಲಯಕ್ಕೆ, 634ರ ರವಿಕೀರ್ತಿಯ ಶಾಸನಕ್ಕೆ ಎಲ್ಲರೂ ಹತ್ತುತ್ತಾರೆ. ಅದೇ ಗುಡ್ಡದ ಇಳಿಜಾರಿನಲ್ಲಿ ಎರಡಂತಸ್ತಿನ ಬೌದ್ಧ ಗುಹಾಲಯವಿದೆ. ಮೇಲಿನ ಪಡಸಾಲೆಯಲ್ಲಿ ತಲೆಯೆತ್ತಿ ಚಾವಣಿಯನ್ನು ನೋಡಿರಿ, ಬುದ್ಧ ಅಲ್ಲಿ ಕುಳಿತಿದ್ದಾನೆ.

ಕೇಳಿದವಳ ಉತ್ತರ:

ಎಲ್ಲರಿಗೂ ಶರಣು. ಅಣ್ಣಾವರೇ, ಶಿಬಿರವನ್ನು ಸದ್ಯ ಮುಂದೂಡಿದ್ದೇನೆ. ಅಕ್ಕಾವರೇ, ಬರುವ ಹುಣ್ಣಿಮೆಗೆ ಬರುತ್ತೇನೆ. ಖೀರಿನ ಮಾತು ಕೇಳಿ ಅವ್ವನೂ ಬರುತ್ತೇನೆನ್ನುತ್ತಾಳೆ. ಅವಳಿಗೆ ಮಂಡಿನೋವು, ನೆಲದ ಮೇಲೆ ಕೂರಲಾಗದು. ಒಂದು ಕುರ್ಚಿ ಸಿಕ್ಕೀತೇ, ಅಥವಾ ನಾವೇ ಮನೆಯಿಂದ ತರಬೇಕೇ?