ಬಿ.ಎ. ಮೊದಲ ಸೆಮಿಸ್ಟರಿಗೆ ವಾದ ಮತ್ತು ಬರವಣಿಗೆ: ಎಲ್ಲಿಂದ ಶುರು?

ಪ್ರಶ್ನೆ: ವಾದ ಮಂಡನೆ, ಪ್ರಬಂಧ ರಚನೆ ಪರಿಚಯಿಸಬೇಕಿದೆ. ಅರಿಸ್ಟಾಟಲ್ ಹೇಳಿದ ಮನವೊಲಿಕೆಯ ಮೂರು ದಾರಿಗಳಾದ ಈಥೋಸ್ (ಹೇಳುವವರ ಮೇಲಿನ ನಂಬಿಕೆ), ಪೇಥೋಸ್ (ಕೇಳುವವರ ಭಾವನೆ), ಲೋಗೋಸ್‌ನಿಂದಲೇ (ತರ್ಕ) ಆರಂಭಿಸಲೇ?

ಉತ್ತರ 1: ಬೇಡಿ ಮೇಡಂ. ಹೆಸರು ಮೊದಲೇ ಕೊಟ್ಟರೆ ಮಕ್ಕಳು "ಇದು ಪೇಥೋಸ್" ಎಂದು ಚೀಟಿ ಅಂಟಿಸಿ ಸುಮ್ಮನಾಗುತ್ತಾರೆ. ಆ ಮಾತು ಓದುಗರ ಮೇಲೆ ಏನು ಮಾಡಿತು ಎಂಬ ವಿಚಾರಕ್ಕೇ ಬರುವುದಿಲ್ಲ. ಒಂದೇ ಬೇಡಿಕೆ ಕೊಡಿ: ಊರಿಗೆ ಸಂಜೆ 6ರ ಬಸ್ಸು ಬೇಕು. ಡಿಪೋ ಮ್ಯಾನೇಜರರಿಗೊಂದು ಪತ್ರ, ಊರಿನ ವಾಟ್ಸ್‌ಆ್ಯಪ್ ಗುಂಪಿಗೊಂದು, ತಲಾ 80 ಪದ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ಮ್ಯಾನೇಜರರಿಗೆ ಪ್ರಯಾಣಿಕರ ಲೆಕ್ಕ ಬೇಕು. ಊರಿನವರಿಗೆ ಕತ್ತಲಲ್ಲಿ ನಡೆದು ಬರುವ ಹುಡುಗಿಯರ ಮಾತೇ ಸಾಕು. ಹೆಸರುಗಳನ್ನು ಆಮೇಲೆ ಹೇಳಿ, ತಲೆಗೆ ಹತ್ತುತ್ತವೆ.

ಉತ್ತರ 2: ತಿದ್ದುವಾಗ ಕಾಗುಣಿತ ಕೊನೆಗಿರಲಿ. ಮೊದಲ ಕರಡಿನಲ್ಲಿ ವಾದ ಹೇಳುವ ಒಂದು ವಾಕ್ಯಕ್ಕೆ ಅವರಿಂದಲೇ ಗೆರೆ ಎಳೆಸಿ. ಬಹುತೇಕ ಅದು ಕೊನೆಯ ಪ್ಯಾರಾದಲ್ಲಿ ಸಿಗುತ್ತದೆ, ಏಕೆಂದರೆ ಬರೆಯುತ್ತಲೇ ಯೋಚಿಸಿರುತ್ತಾರೆ. ಎರಡನೇ ಕರಡಿನಲ್ಲಿ ಅದನ್ನು ಮೇಲಕ್ಕೆ ತರಿಸಿ. ಕೆಂಪು ಶಾಯಿ ಮೊದಲೇ ಸುರಿದರೆ ಅಕ್ಷರ ತಿದ್ದುತ್ತಾರೆ, ವಾದ ಮುಟ್ಟುವುದಿಲ್ಲ.

ಉತ್ತರ 3: ಶೈಲಿಯ ತರಗತಿಗೆ 9ನೇ ಶತಮಾನದ ಕವಿರಾಜಮಾರ್ಗ ತನ್ನಿ. ಸಂಸ್ಕೃತ, ಕನ್ನಡ ಪದಗಳನ್ನು ಅರಿಯದೆ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದಂತೆ ಎನ್ನುತ್ತದೆ. ಹಾಲು ಒಡೆಯುವುದನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ.