ಊರ ಸರ್ಕಾರಿ ಶಾಲೆನಾ, ಟೌನಿನ ಪ್ರೈವೇಟ್ ಶಾಲೆನಾ? ಜೂನ್‌ಗೆ ಮಗಳು ಒಂದನೇ ಕ್ಲಾಸು

ತೆಂಗಿನತೋಟ (ತಿಪಟೂರು ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳನ್ನ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಬೇಕು. ಯುಗಾದಿಯಿಂದ ಮನೆಯಲ್ಲಿ ಇದೇ ಮಾತು, ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಅನುಭವ ಇದ್ದೋರು ದಯವಿಟ್ಟು ಹೇಳಿ.

ನಮ್ಮೂರಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ, ಒಂದರಿಂದ ಏಳರವರೆಗೆ. ಮನೆಯಿಂದ ನಡೆದೇ ಹೋಗಬಹುದು. ನಾನು ಓದಿದ್ದೂ ಅಲ್ಲೇ. ಆಗ ಒಂದು ಕ್ಲಾಸಲ್ಲೇ ಮೂವತ್ತು ಮಕ್ಕಳಿದ್ವಿ, ಈಗ ಇಡೀ ಶಾಲೆಗೆ 41 ಜನ. ಇಬ್ಬರು ಕಾಯಂ ಟೀಚರು, ಒಬ್ಬರು ಗೆಸ್ಟ್ ಟೀಚರು. ಕಾಯಂ ಇಬ್ಬರಲ್ಲಿ ಒಬ್ಬರು ಎಚ್‌ಎಂ. ಮೀಟಿಂಗು, ಆನ್‌ಲೈನ್ ಎಂಟ್ರಿ, ಮೊಟ್ಟೆ-ಹಾಲಿನ ಲೆಕ್ಕ, ಇದರಲ್ಲೇ ಅವರ ಅರ್ಧ ವಾರ ಹೋಗುತ್ತೆ. ಒಳ್ಳೆಯವರು, ಆದರೆ ಒಬ್ಬ ಮನುಷ್ಯ ಎಷ್ಟು ಕಡೆ ಇರೋಕಾಗುತ್ತೆ?

ಇನ್ನೊಂದು ತಿಪಟೂರಿನ ಇಂಗ್ಲಿಷ್ ಮೀಡಿಯಂ ಶಾಲೆ, ಹೆಸರು ಬೇಡ. ಫೀಸು 38,000. ವ್ಯಾನ್ ತಿಂಗಳಿಗೆ 1,300, ಹತ್ತು ತಿಂಗಳು. ಪುಸ್ತಕ, ಎರಡು ಥರ ಯೂನಿಫಾರ್ಮು, ಶೂ ಎಲ್ಲ ಅವರ ಹತ್ತಿರಾನೇ ತಗೋಬೇಕು, ಅದು 9,500. ಲೆಕ್ಕ ಹಾಕಿದ್ರೆ ಅರವತ್ತು ಸಾವಿರ ದಾಟುತ್ತೆ. ನಮ್ಮದು ಎರಡು ಎಕರೆ ತೆಂಗು. ಕೊಬ್ಬರಿ 2023ರಲ್ಲಿ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಾಗ ಹೇಗಿದ್ವಿ ಅಂತ ಈ ಕಡೆಯೋರಿಗೆ ಹೇಳಬೇಕಾಗಿಲ್ಲ. 2025ರಲ್ಲಿ ಇಪ್ಪತ್ತು ಸಾವಿರ ದಾಟಿದ್ದು ನಿಜ, ಆದರೆ ರೇಟ್ ಬಿದ್ದ ವರ್ಷ ಅಂತ ಸ್ಕೂಲಿನವರು ಫೀಸ್ ಇಳಿಸಲ್ಲ.

ದುಡ್ಡೊಂದೇ ಆಗಿದ್ರೆ ಇಷ್ಟು ಯೋಚನೆ ಮಾಡ್ತಿರಲಿಲ್ಲ, ಹೇಗೋ ಹೊಂದಿಸ್ತಿದ್ದೆ. ಪಕ್ಕದ ಮನೆ ಹುಡುಗ ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಅವನ ನೋಟ್ಸ್ ನೋಡಿದ್ರೆ ಮುತ್ತು ಪೋಣಿಸಿದ ಹಾಗಿದೆ. ‘ರೂಟ್ಸ್ ಅಬ್ಸಾರ್ಬ್ ವಾಟರ್ ಫ್ರಮ್ ದ ಸಾಯಿಲ್’ ಅಂತ ಗಡಗಡ ಹೇಳಿದ. ತೋಟದಲ್ಲಿ ತೆಂಗಿನ ಪಾತಿ ಬಿಡಿಸ್ತಿದ್ದೆ, ಬೇರೆಲ್ಲ ಮೇಲೆ ಕಾಣ್ತಿತ್ತು. ‘ಇದರಲ್ಲಿ ರೂಟ್ ಯಾವುದು ತೋರಿಸಪ್ಪ’ ಅಂದೆ. ಮರದ ಕಡೆ ನೋಡಿದ, ನನ್ನ ಮುಖ ನೋಡಿದ, ಸುಮ್ಮನಾದ. ಜಾಣ ಹುಡುಗ, ಅವನದೇನೂ ತಪ್ಪಿಲ್ಲ.

ಆದರೆ ಬಸ್ಸಿನ ಮೇಲಿನ ಇಂಗ್ಲಿಷ್ ಬೋರ್ಡ್ ಅವನು ತಟ್ಟನೆ ಓದ್ತಾನೆ. ಊರ ಶಾಲೆಯ ಐದನೇ ಕ್ಲಾಸಿನ ಹುಡುಗಿಗೆ ಅದು ಬರಲಿಲ್ಲ. ಇದೂ ಕಣ್ಣಾರೆ ನೋಡಿದ್ದೇ. ನನ್ನ ಹೆಂಡತಿ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಫಸ್ಟ್. ಪಿಯುಸಿ ಸೈನ್ಸ್ ತಗೊಂಡು, ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಎರಡೇ ತಿಂಗಳಿಗೆ ಆರ್ಟ್ಸ್‌ಗೆ ಬಂದೋಳು. ‘ನನಗಾಗಿದ್ದು ಮಗಳಿಗೆ ಆಗಬಾರದು’ ಅಂತಾಳೆ. ಅವಳ ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಮಗುಗೆ ನಿಜವಾಗಿ ಸಿಕ್ಕಿದ್ದೇನು? ಅದನ್ನ ಹೇಳಿ.

—

ಇಬ್ಬರ ಅಮ್ಮ (ಅರಸೀಕೆರೆ):

ಅಣ್ಣ, ನನಗೆ ಎರಡೂ ಗೊತ್ತು. ದೊಡ್ಡವನು ಪ್ರೈವೇಟು, ಈಗ ಎಂಟನೇ ಕ್ಲಾಸು. ಚಿಕ್ಕವಳು ಸರ್ಕಾರಿ ಶಾಲೆ, ನಾಲ್ಕನೇ ಕ್ಲಾಸು. ಒಂದೇ ಮನೆ, ಒಂದೇ ಅಪ್ಪ ಅಮ್ಮ.

ದೊಡ್ಡವನಿಗೆ ಸಿಕ್ಕಿದ್ದು: ಇಂಗ್ಲಿಷ್ ಮಾತಾಡೋಕೆ ಸಂಕೋಚ ಇಲ್ಲ. ಸ್ಟೇಜ್ ಹತ್ತಿ ಮಾತಾಡ್ತಾನೆ. ಪ್ರತಿ ಸಬ್ಜೆಕ್ಟಿಗೆ ಒಬ್ಬರು ಟೀಚರ್ ಇದ್ದಾರೆ. ಕೊಟ್ಟ ದುಡ್ಡಿಗೆ ಇದೆಲ್ಲ ಸಿಕ್ಕಿದೆ, ಇಲ್ಲ ಅನ್ನಲ್ಲ. ಆದರೆ ಮೂರು ನಾಲ್ಕನೇ ಕ್ಲಾಸಲ್ಲಿ ಅವನ ಹೋಂವರ್ಕ್ ಮಾಡಿಸೋಕೆ ನನಗೂ ನಮ್ಮನೆಯವರಿಗೂ ಆಗ್ತಿರಲಿಲ್ಲ. ಟ್ಯೂಷನ್‌ಗೆ ಹಾಕಿದ್ವಿ, ತಿಂಗಳಿಗೆ 600. ಅಲ್ಲಿ ಹೇಳಿಕೊಡ್ತಿದ್ದಿದ್ದು ಶಾಲೆಯಲ್ಲಿ ಬರೆಸಿದ ಪ್ರಶ್ನೋತ್ತರಾನೇ ಬಾಯಿಪಾಠ ಮಾಡೋದನ್ನ. ಫೀಸ್ ಲೆಕ್ಕ ಹಾಕುವಾಗ ನೀವು ಟ್ಯೂಷನ್ ಬಿಟ್ಟಿದ್ದೀರ, ಅದನ್ನೂ ಸೇರಿಸಿ.

ಚಿಕ್ಕವಳು ಎರಡನೇ ಕ್ಲಾಸಿನ ಕೊನೆಗೆ ಕನ್ನಡ ಸರಾಗ ಓದೋಕೆ ಶುರು ಮಾಡಿದ್ಲು. ಒತ್ತಕ್ಷರ ಬಂದಮೇಲೆ ಅವಳನ್ನ ಹಿಡಿಯೋರೇ ಇಲ್ಲ. ರೇಷನ್ ಅಂಗಡಿ ಬೋರ್ಡು, ಗೊಬ್ಬರದ ಚೀಲ, ಅಜ್ಜಿಯ ಬಿಪಿ ಮಾತ್ರೆ ಚೀಟಿ, ಕಂಡಿದ್ದೆಲ್ಲ ಓದ್ತಾಳೆ. ಅರ್ಥ ಆಗದಿದ್ರೆ ನನ್ನ ಕೇಳ್ತಾಳೆ, ನನಗೆ ಗೊತ್ತಿರುತ್ತೆ, ಹೇಳ್ತೀನಿ. ಮನೆಯಲ್ಲಿ ಕೇಳಿದ್ರೆ ಉತ್ತರ ಸಿಗುತ್ತೆ ಅನ್ನೋದು ಮಗುಗೆ ಎಷ್ಟು ದೊಡ್ಡ ಧೈರ್ಯ ಅಂತ ದೊಡ್ಡವನ ಜೊತೆ ಇವಳನ್ನ ನೋಡಿದಾಗಲೇ ನನಗೆ ತಿಳಿದಿದ್ದು.

ಕಷ್ಟಾನೂ ಹೇಳಬೇಕು. ಕಳೆದ ವರ್ಷ ಗಣಿತದ ಮೇಡಂ ವರ್ಗ ಆಗಿ ಹೋದ್ರು. ಗೆಸ್ಟ್ ಟೀಚರ್ ಬರೋ ಹೊತ್ತಿಗೆ ದಸರಾ ರಜೆ ಹತ್ತಿರ ಬಂದಿತ್ತು. ಅಲ್ಲಿವರೆಗೂ ಮಕ್ಕಳಿಗೆ ಭಾಗಾಕಾರ ಯಾರೂ ಹೇಳಿಕೊಡಲಿಲ್ಲ. ಎಸ್‌ಡಿಎಂಸಿಯಲ್ಲಿ, ಅಂದ್ರೆ ಅಪ್ಪ ಅಮ್ಮಂದಿರ ಶಾಲಾ ಸಮಿತಿಯಲ್ಲಿ ನಾನಿದ್ದೀನಿ, ಆರು ಜನ ಅಮ್ಮಂದಿರು ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೆ ಹೋಗಿ ಕೂತ್ವಿ, ಅರ್ಜಿಗೆ ಸೀಲ್ ಹಾಕಿಸ್ಕೊಂಡೇ ಎದ್ದಿದ್ದು. ಪ್ರೈವೇಟಿಗೆ ದುಡ್ಡು ಕೊಡ್ತೀವಿ, ಸರ್ಕಾರಿ ಶಾಲೆಗೆ ನಮ್ಮ ಹೊತ್ತು ಕೊಡಬೇಕು. ಸೇರಿಸಿ ಸುಮ್ಮನೆ ಕೂರ್ತೀವಿ ಅನ್ನೋರಿಗೆ ನಾನು ಸರ್ಕಾರಿ ಶಾಲೆ ಹೇಳಲ್ಲ.

—

ಚಾಕ್‌ಪೀಸ್ (ಸರ್ಕಾರಿ ಶಾಲಾ ಶಿಕ್ಷಕ):

ಸರ್, ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು, ಆದ್ದರಿಂದ ಒಂದು ಕಡೆ ವಾಲುತ್ತೇನೆ ಅನ್ನಿಸಬಹುದು. ಆದರೆ ‘ಸರ್ಕಾರಿ ಒಳ್ಳೆಯದೋ, ಖಾಸಗಿ ಒಳ್ಳೆಯದೋ’ ಎಂದು ನೀವು ಕೇಳುವುದೇ ಬೇಡ. ನಿಮ್ಮ ಮಗಳಿಗೆ ಒಂದು, ಎರಡು, ಮೂರನೇ ತರಗತಿಯಲ್ಲಿ ಪಾಠ ಮಾಡುವವರು ಯಾರು ಎಂದು ಎರಡೂ ಕಡೆ ಕೇಳಿ. ಮಗುವಿನ ಓದು ಬರಹ ನಿಲ್ಲುವುದೋ ಬೀಳುವುದೋ ಆ ಒಬ್ಬರ ಮೇಲೆ.

ನಮ್ಮಲ್ಲಿ ಒಂದರಿಂದ ಮೂರರವರೆಗೆ ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಪ್ರತಿ ಮಗುವೂ ತನ್ನ ಕಾರ್ಡು ಮುಗಿಸಿಕೊಂಡು ಮುಂದಿನದಕ್ಕೆ ಹೋಗುತ್ತದೆ. ಹೊರಗಿನವರಿಗೆ ಗಲಾಟೆಯಂತೆ ಕಾಣುತ್ತದೆ. ಮನಸ್ಸಿಟ್ಟು ಮಾಡುವವರು ಇದ್ದರೆ ಇದಕ್ಕಿಂತ ಒಳ್ಳೆಯದು ಸಣ್ಣ ಮಕ್ಕಳಿಗೆ ಇಲ್ಲ. ಮಾಡುವವರು ಇಲ್ಲದಿದ್ದರೆ ಕಾರ್ಡುಗಳು ಬೀರುವಿನಲ್ಲೇ ಉಳಿಯುತ್ತವೆ. ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಹೋಗಿ ನೋಡಿ. ಕಾರ್ಡುಗಳ ಅಂಚು ಸವೆದಿದೆಯೇ? ಗೋಡೆಯ ಕೆಳಗಿನ, ಮಕ್ಕಳು ಬರೆಯುವ ಕಪ್ಪುಹಲಗೆಯಲ್ಲಿ ಸೀಮೆಸುಣ್ಣದ ಗುರುತು ಇದೆಯೇ? ಮೂರನೇ ತರಗತಿಯ ಯಾವುದಾದರೂ ಮಗುವಿಗೆ, ಅದು ಹಿಂದೆ ಓದಿರದ ಒಂದು ಪುಟ ಕೊಟ್ಟು ಓದಿಸಿ, ‘ಏನಾಯ್ತಂತೆ?’ ಎಂದು ಕೇಳಿ. ಇದೇ ಪರೀಕ್ಷೆಯನ್ನು ತಿಪಟೂರಿನ ಶಾಲೆಯಲ್ಲೂ ಮಾಡಿ. ಬಿಡದಿದ್ದರೆ, ಯಾಕೆ ಬಿಡುತ್ತಿಲ್ಲ ಎಂದು ಯೋಚಿಸಿ.

ಇನ್ನೊಂದು ವಿಷಯ ನನ್ನನ್ನು ಪ್ರತಿ ಜೂನ್‌ನಲ್ಲೂ ಕಾಡುತ್ತದೆ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61 ಆದರೆ ಮೂವರು, 91 ಆದರೆ ನಾಲ್ವರು. ಟೀಚರ್ ಕಡಿಮೆ ಎಂದು ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಮಕ್ಕಳು ಕಡಿಮೆಯಾದರು ಎಂದು ಇಲಾಖೆ ‘ಹೆಚ್ಚುವರಿ’ ಎಂದು ಗುರುತಿಸಿ ಒಬ್ಬ ಟೀಚರನ್ನು ಬೇರೆ ಕಡೆ ಕಳಿಸುತ್ತದೆ. ಮರುವರ್ಷ ಇನ್ನೂ ನಾಲ್ಕು ಮನೆ. ನಿಮ್ಮ ಊರಿನ 41 ಕೂಡ ಹೀಗೇ ಆಗಿರಬಹುದು. ಶಾಲೆ ಉಳಿಸಲು ನಿಮ್ಮ ಮಗಳನ್ನು ಒತ್ತೆ ಇಡಿ ಎನ್ನುವುದಿಲ್ಲ, ಅದು ನ್ಯಾಯವಲ್ಲ. ಆದರೆ ಐದಾರು ಮನೆಯವರು ಸೇರಿ ಮಾತಾಡಿಕೊಂಡು ಒಟ್ಟಿಗೆ ಸೇರಿಸಿದರೆ ಚಿತ್ರವೇ ಬೇರೆಯಾಗುತ್ತದೆ.

—

ಬಟವಾಡಿ ಅಪ್ಪ (ತುಮಕೂರು):

ನಾನು ಪ್ರೈವೇಟಿಗೆ ಕಳಿಸ್ತೀನಿ, ಆ ಬಗ್ಗೆ ನನಗೆ ಸಮಾಧಾನ ಇದೆ. ಇಬ್ಬರೂ ಫ್ಯಾಕ್ಟರಿ ಕೆಲಸ, ಸಂಜೆ ಆರರವರೆಗೆ ಮಗುನ ನೋಡ್ಕೊಳೋರು ಬೇಕಿತ್ತು. ಎಲ್ಲರೂ ಬಿಇಒ ಆಫೀಸಲ್ಲಿ ಹೋಗಿ ಕೂರೋಕಾಗಲ್ಲ. ರಜೆ ಹಾಕಿದ್ರೆ ನಮಗೆ ಆ ದಿನದ ಸಂಬಳ ಇಲ್ಲ. ಅಕ್ಕನ ಮೇಲೆ ಗೌರವ ಇಟ್ಟುಕೊಂಡೇ ಈ ಮಾತು ಹೇಳ್ತಿದ್ದೀನಿ.

ಸೇರಿಸೋದೇ ಆದ್ರೆ ಒಂದಿಷ್ಟು ನೋಡಿ. ಮಾನ್ಯತೆ ಯಾವ ತರಗತಿವರೆಗೆ ಇದೆ, ಯಾವ ಮೀಡಿಯಂಗೆ ಇದೆ, ಪತ್ರ ತೋರಿಸಿ ಅನ್ನಿ. ಬೋರ್ಡಲ್ಲಿ ಸಿಬಿಎಸ್‌ಇ ಅಂತ ಬರೆದು ಒಳಗೆ ಸ್ಟೇಟ್ ಸಿಲೆಬಸ್ ಮಾನ್ಯತೆ ಮಾತ್ರ ಇರೋದು ಎಷ್ಟೋ ಕಡೆ ಇದೆ. ಫೀಸು ಮುಂದಿನ ಮೂರು ವರ್ಷ ಹೇಗೆ ಏರುತ್ತೆ ಅಂತ ಈಗಾಗಲೇ ಓದ್ತಿರೋ ಮಕ್ಕಳ ಅಪ್ಪ ಅಮ್ಮನ್ನ ಕೇಳಿ, ಆಫೀಸಲ್ಲಿ ಕೇಳಬೇಡಿ. ಟೀಚರ್‌ಗಳು ಎಷ್ಟು ವರ್ಷದಿಂದ ಇದ್ದಾರೆ ಅನ್ನೋದನ್ನೂ ಕೇಳಿ. ಸಂಬಳ ಸಾಲದೆ ವರ್ಷಕ್ಕೊಬ್ಬರು ಬಿಟ್ಟು ಹೋಗೋ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇದ್ದು ಪ್ರಯೋಜನ ಇಲ್ಲ.

ಆರ್‌ಟಿಇ ಉಚಿತ ಸೀಟಿನ ಆಸೆ ಇಟ್ಟುಕೋಬೇಡಿ. 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗಲ್ಲ.

—

ಪಾತ್ರೆಹಳ್ಳ (ಎಂಜಿನಿಯರಿಂಗ್ ವಿದ್ಯಾರ್ಥಿ):

ಅಣ್ಣ, ನಾನು ಹತ್ತನೇ ಕ್ಲಾಸಿನವರೆಗೂ ಹಳ್ಳಿಯಲ್ಲಿ ಕನ್ನಡ ಮೀಡಿಯಂ. ಅತ್ತಿಗೆ ಹೇಳಿದ್ದು ನೂರಕ್ಕೆ ನೂರು ನಿಜ. ಫಸ್ಟ್ ಪಿಯುಸಿ ಮೊದಲ ಟೆಸ್ಟಲ್ಲಿ ಫಿಸಿಕ್ಸ್ ಪ್ರಶ್ನೆ ಏನು ಕೇಳ್ತಿದೆ ಅಂತಾನೇ ಗೊತ್ತಾಗಲಿಲ್ಲ. ‘ವೇಗೋತ್ಕರ್ಷ’ ಗೊತ್ತಿತ್ತು, ‘ಆಕ್ಸಲರೇಷನ್’ ಗೊತ್ತಿರಲಿಲ್ಲ. ನನ್ನ ಉಳಿಸಿದ್ದು ಒಬ್ಬ ಲೆಕ್ಚರರ್. ಹತ್ತನೇ ಕ್ಲಾಸಿನ ವಿಜ್ಞಾನದ ಕನ್ನಡ ಪುಸ್ತಕ, ಇಂಗ್ಲಿಷ್ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ಓದು ಅಂದ್ರು. ದೀಪಾವಳಿ ಹೊತ್ತಿಗೆ ದಾರಿ ಸಿಕ್ತು. ವಿಷಯ ಗೊತ್ತಿದ್ದಿದ್ದಕ್ಕೆ ಹೆಸರು ಮಾತ್ರ ಕಲಿಯೋದಿತ್ತು. ಆದರೆ ನನ್ನ ಜೊತೆ ಬಂದವರಲ್ಲಿ ಇಬ್ಬರು ಆ ಮೊದಲ ಎರಡು ತಿಂಗಳಲ್ಲೇ ಬಿಟ್ಟು ಹೋದ್ರು, ಇಬ್ಬರೂ ನನಗಿಂತ ಜಾಣರು. ಆ ಸೇತುವೆ ಹೈಸ್ಕೂಲಲ್ಲೇ ಕಟ್ಟಿಕೊಡಬೇಕು, ಪಿಯುಸಿಗೆ ಬಿಡಬಾರದು.

ಇದೂ ನಿಮಗೆ ಗೊತ್ತಿರಲಿ: ಎಂಜಿನಿಯರಿಂಗ್ ಥರದ ಕೋರ್ಸಿಗೆ ಸೀಟು ಕೊಡೋ ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ 15%, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಸೀಟು ಮೀಸಲು. ತಿಪಟೂರು ನಗರಸಭೆ ವ್ಯಾಪ್ತಿ. ಅಲ್ಲಿ ಒಂದು ವರ್ಷ ಓದಿದ್ರೂ ಗ್ರಾಮೀಣ ಕೋಟಾ ಹೋಗುತ್ತೆ. ನನಗೆ ಸೀಟು ಸಿಕ್ಕಿದ್ದೇ ಅದರಲ್ಲಿ.

—

ತೆಂಗಿನತೋಟ:

ಎಲ್ಲರಿಗೂ ತುಂಬಾ ಧನ್ಯವಾದ. ಈ ಕೋಟಾ ವಿಷಯ ನಮ್ಮೂರಲ್ಲಿ ಒಬ್ಬರೂ ಹೇಳಿರಲಿಲ್ಲ.

ಮೇಷ್ಟ್ರು ಹೇಳಿದ ಹಾಗೆ ಮಂಗಳವಾರ ನಾನೂ ಹೆಂಡತೀನೂ ಊರ ಶಾಲೆಗೆ ಹೋಗಿ ಅರ್ಧ ದಿನ ಕೂತ್ವಿ. ನಲಿಕಲಿ ಮೇಡಂ ಕಾಯಂ ಟೀಚರೇ. ಕಾರ್ಡುಗಳ ಮೂಲೆ ಎಲ್ಲ ಸವೆದು ಹೋಗಿವೆ, ಕೆಲವಕ್ಕೆ ಟೇಪ್ ಅಂಟಿಸಿದ್ದಾರೆ. ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ನಾನು ಕೊಟ್ಟ ಪುಟ ಓದಿ, ‘ಆ ನರಿ ಸುಳ್ಳು ಹೇಳ್ತು, ಅದಕ್ಕೆ ಕಾಗೆ ಮತ್ತೆ ಬರಲಿಲ್ಲ’ ಅಂದ್ಲು. ಇಂಗ್ಲಿಷ್ ಮಾತ್ರ ಮೇಡಮ್ಮೇ ಒಪ್ಪಿಕೊಂಡ್ರು, ‘ನನಗೂ ಅಷ್ಟಕ್ಕಷ್ಟೇ, ಕಲೀತಿದ್ದೀನಿ’ ಅಂತ. ಮರೆಮಾಚದೆ ಹೇಳಿದ್ದು ಹೆಂಡತಿಗೆ ಹಿಡಿಸಿತು. ತಿಪಟೂರಿನ ಶಾಲೆಯಲ್ಲಿ ಕ್ಲಾಸಿನೊಳಗೆ ಬಿಡಲಿಲ್ಲ, ‘ಓಪನ್ ಡೇ ದಿನ ಬನ್ನಿ’ ಅಂದ್ರು.

ಐದನೇ ಕ್ಲಾಸಿನವರೆಗೆ ಊರ ಶಾಲೆ ಅಂತ ಇಬ್ಬರೂ ಒಪ್ಪಿದ್ದೀವಿ. ಹೆಂಡತಿಯ ಷರತ್ತು ಒಂದೇ: ಇಂಗ್ಲಿಷ್‌ಗೆ ಮೂರನೇ ಕ್ಲಾಸಿಂದ ಬೇರೆ ವ್ಯವಸ್ಥೆ ಆಗಬೇಕು. ಉಳಿಯೋ ದುಡ್ಡಲ್ಲಿ ಒಂದು ಭಾಗ ಅದಕ್ಕೆ ಅಂತ ತೆಗೆದಿಟ್ಟಿದ್ದೀವಿ. ಊರಲ್ಲಿ ಬಿಎ ಇಂಗ್ಲಿಷ್ ಮುಗಿಸಿದ ಒಬ್ಬ ಹುಡುಗಿ ಇದ್ದಾಳೆ, ನಾಲ್ಕೈದು ಮನೆಯವರು ಸೇರಿದ್ರೆ ಸಂಜೆ ಪಾಠ ಮಾಡ್ತೀನಿ ಅಂದಿದ್ದಾಳೆ. ಪಕ್ಕದ ಮನೆಯವರು ಇನ್ನೂ ಬಾಯಿ ಬಿಟ್ಟಿಲ್ಲ. ಆರನೇ ಕ್ಲಾಸಿಗೆ ಏನು ದಾರಿ ಇದೆ ಮೇಷ್ಟ್ರೇ? ಆಗಲೂ ಅರವತ್ತು ಸಾವಿರ ಕೊಡೋದೇನಾ?

—

ಚಾಕ್‌ಪೀಸ್:

ಇಲ್ಲ ಸರ್, ಆರನೇ ತರಗತಿಗೆ ಬಾಗಿಲು ಹಲವಿವೆ. ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇದೆ, ಅದರಲ್ಲಿ ಕನಿಷ್ಠ 75% ಸೀಟು ಗ್ರಾಮೀಣ ಮಕ್ಕಳಿಗೆ, ಕನ್ನಡದಲ್ಲೇ ಬರೆಯಬಹುದು. ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ಸರ್ಕಾರದ ಆದರ್ಶ ವಿದ್ಯಾಲಯ ಇಂಗ್ಲಿಷ್ ಮಾಧ್ಯಮ, ಅಲ್ಲಿಗೂ ಆರನೇ ತರಗತಿಗೇ ಪ್ರವೇಶ ಪರೀಕ್ಷೆ. ಐದನೇ ತರಗತಿಯ ಜೂನ್‌ನಿಂದಲೇ ತಯಾರಿ ಬೇಕು, ಅರ್ಜಿ ದಿನಾಂಕ ತಪ್ಪಿಸಿಕೊಳ್ಳುವವರೇ ಹೆಚ್ಚು. ಶಾಲೆ ಯಾವ ಊರಿನಲ್ಲಿದೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ, ಗ್ರಾಮೀಣ ಕೋಟಾದ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಈಗ ದಾಖಲಾತಿಗೆ ಜನನ ಪ್ರಮಾಣಪತ್ರ, ಮಗುವಿನ ಮತ್ತು ತಂದೆ ತಾಯಿಯ ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಜೆರಾಕ್ಸ್ ಇಟ್ಟುಕೊಳ್ಳಿ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ಇದೆ, ಜನ್ಮದಿನಾಂಕ ಒಮ್ಮೆ ಸರಿಯಾಗಿ ನೋಡಿ. ಹೆಸರಿನ ಅಕ್ಷರ ಜನನ ಪತ್ರದಲ್ಲೂ ಆಧಾರ್‌ನಲ್ಲೂ ಒಂದೇ ಥರ ಇಲ್ಲದಿದ್ದರೆ ಈಗಲೇ ತಿದ್ದಿಸಿ, ಹತ್ತನೇ ತರಗತಿಯಲ್ಲಿ ತಿದ್ದಿಸುವುದು ಬಹಳ ತಾಪತ್ರಯ.